ಕಾರಿಗೆ ಕಣ್ಣು ಬಂದಿದೆ, ಎಚ್ಚರ ಮಾತ್ರ ನಮ್ಮದೇ

ಮೋಟಾರು ವಾಹನಗಳ ಇತಿಹಾಸದಲ್ಲಿ ಸ್ವಾರಸ್ಯಕರ ಸಂಗತಿಯೊಂದಿದೆ. ಚಾಲಕನ ಕಾಲಿಗೆ ವಿಶ್ರಾಂತಿ ಕೊಟ್ಟು, ಕಾರಿನ ವೇಗವನ್ನು ತಾನೇ ಕಾಯ್ದುಕೊಳ್ಳುವ ‘ಕ್ರೂಸ್ ಕಂಟ್ರೋಲ್’ ಎಂಬ ಸಾಧನವನ್ನು ರೂಪಿಸಿದಾತನಿಗೆ ಕಣ್ಣು ಕಾಣಿಸುತ್ತಿರಲಿಲ್ಲ. ಅಮೆರಿಕದ ಎಂಜಿನಿಯರ್ ರಾಲ್ಫ್ ಟೀಟರ್ ಬಾಲ್ಯದಲ್ಲೇ ಅಪಘಾತವೊಂದರಲ್ಲಿ ದೃಷ್ಟಿ ಕಳೆದುಕೊಂಡಿದ್ದ. ಆತನ ವಕೀಲ ಮಾತನಾಡುತ್ತ ಕಾರು ಓಡಿಸುವಾಗ ವೇಗ ಏರಿಳಿದು ಪ್ರಯಾಣಿಕನ ಮೈ ಕುಲುಕುತ್ತಿದ್ದುದೇ ಈ ಆವಿಷ್ಕಾರಕ್ಕೆ ಪ್ರೇರಣೆ ಎಂಬ ಕಥೆ ಪ್ರಸಿದ್ಧವಾಗಿದೆ. 1950ರಲ್ಲಿ ಟೀಟರ್‌ಗೆ ಪೇಟೆಂಟ್ ದೊರೆಯಿತು. 1958ರಲ್ಲಿ ಆ ಸಾಧನ ಕ್ರೈಸ್ಲರ್ ಕಂಪೆನಿಯ ಕಾರುಗಳೊಳಗೆ ಬಂದು ಕುಳಿತಿತು.

ಆ ಸಾಧನಕ್ಕೂ ಕಣ್ಣಿರಲಿಲ್ಲ. ಗೊತ್ತುಪಡಿಸಿದ ವೇಗವನ್ನು ಕಾಯುವುದಷ್ಟೇ ಅದರ ಕೆಲಸ. ಎದುರಿಗೆ ಲಾರಿ ನಿಂತಿದ್ದರೂ ಅದಕ್ಕೆ ತಿಳಿಯುತ್ತಿರಲಿಲ್ಲ. ಆದ್ದರಿಂದಲೇ ಅದನ್ನು ಬಳಸುವ ಚಾಲಕನಿಗೆ ಭ್ರಮೆಯೂ ಇರಲಿಲ್ಲ. ನೋಡುವ ಹೊಣೆ ಪೂರ್ತಿಯಾಗಿ ತನ್ನದೇ ಎಂಬುದು ಆತನಿಗೆ ಗೊತ್ತಿತ್ತು. ಇಂದಿನ ಕಾರಿಗೆ ಕಣ್ಣು ಬಂದಿದೆ. ಅದು ಮುಂದಿನ ವಾಹನವನ್ನು ಕಾಣುತ್ತದೆ, ರಸ್ತೆಯ ಬಿಳಿಗೆರೆಯನ್ನು ಗುರುತಿಸುತ್ತದೆ, ಬೇಕಾದಾಗ ತಾನೇ ಬ್ರೇಕ್ ಹಾಕುತ್ತದೆ. ಹೀಗಿರುವಾಗ ಹೊಸ ಪ್ರಶ್ನೆಯೊಂದು ಹುಟ್ಟಿದೆ. ಕಾರೂ ನೋಡುತ್ತಿದೆ, ಚಾಲಕನೂ ನೋಡುತ್ತಿದ್ದಾನೆ ಎಂದಾಗ, ನಿಜಕ್ಕೂ ನೋಡುತ್ತಿರುವವರು ಯಾರು?

ಈ ತಂತ್ರಜ್ಞಾನದ ಸಮೂಹಕ್ಕೆ ‘ಅಡ್ವಾನ್ಸ್ಡ್ ಡ್ರೈವರ್ ಅಸಿಸ್ಟೆನ್ಸ್ ಸಿಸ್ಟಮ್’ ಎಂದು ಹೆಸರು; ಚಿಕ್ಕದಾಗಿ ‘ಅಡಾಸ್’. ಚಾಲಕನಿಗೆ ಸಹಾಯ ಮಾಡುವ ವ್ಯವಸ್ಥೆ ಎಂದರ್ಥ. ಐಷಾರಾಮಿ ವಿದೇಶಿ ಕಾರುಗಳಿಗೆ ಸೀಮಿತವಾಗಿದ್ದ ಇದು 2020-21ರ ಸುಮಾರಿಗೆ ಭಾರತದ ಮಧ್ಯಮ ವರ್ಗದ ಕಾರುಗಳಿಗೂ ಇಳಿದುಬಂತು. ಈಗಂತೂ ಅದು ಮಾರಾಟಗಾರರ ಪ್ರಮುಖ ಆಕರ್ಷಣೆ. ಸ್ನೇಹಿತರೊಬ್ಬರು ಹೊಸ ಕಾರು ಕೊಳ್ಳಲು ಹೊರಟಾಗ ನಾನೂ ಮಳಿಗೆಗೆ ಜೊತೆಯಾಗಿದ್ದೆ. ಅಲ್ಲಿನ ಯುವಕ ಉತ್ಸಾಹದಿಂದ, ‘ಹೈವೇನಲ್ಲಿ ನೀವು ಆರಾಮಾಗಿ ಕೂತ್ಕೊಳ್ಳಿ ಸರ್, ಮಿಕ್ಕಿದ್ದೆಲ್ಲ ಗಾಡೀನೇ ನೋಡ್ಕೊಳ್ಳುತ್ತೆ’ ಎಂದ. ಸದುದ್ದೇಶದಿಂದಲೇ ಆಡಿದ ಆ ಒಂದು ವಾಕ್ಯದಲ್ಲಿ ಎಂಥ ಅಪಾಯವಿದೆ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಈ ಕಣ್ಣುಗಳು ಕೆಲಸ ಮಾಡುವ ಬಗೆಯನ್ನು ನೋಡೋಣ. ಕಾರಿನ ಮುಂಭಾಗದಲ್ಲಿ, ಬಂಪರಿನ ಅಥವಾ ಲಾಂಛನದ ಹಿಂದೆ, ಅಂಗೈಯಗಲದ ರೇಡಾರ್ ಅಡಗಿರುತ್ತದೆ. ಅದು ಸೆಕೆಂಡಿಗೆ ಸುಮಾರು 7,700 ಕೋಟಿ ಸಲ ಕಂಪಿಸುವ ರೇಡಿಯೊ ಅಲೆಗಳನ್ನು ಹೊರಡಿಸುತ್ತದೆ. ಆ ಅಲೆಯ ಉದ್ದ ಕೇವಲ 4 ಮಿಲಿಮೀಟರ್. ನೂರು ಮೀಟರ್ ದೂರದ ವಾಹನಕ್ಕೆ ತಾಗಿ ಮರಳಲು ಅದಕ್ಕೆ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಷ್ಟು ಕಾಲವೂ ಬೇಡ. ಮರಳಿ ಬಂದ ಅಲೆಯಿಂದ ದೂರವೂ, ಅದರ ಕಂಪನದಲ್ಲಾದ ಬದಲಾವಣೆಯಿಂದ ಎದುರಿನ ವಾಹನದ ವೇಗವೂ ತಿಳಿಯುತ್ತದೆ. ಸಮೀಪಿಸುವ ರೈಲಿನ ಸಿಳ್ಳೆ ತೀಕ್ಷ್ಣವಾಗಿಯೂ ದೂರ ಸರಿಯುವ ರೈಲಿನದು ಮಂದವಾಗಿಯೂ ಕೇಳಿಸುವುದಲ್ಲವೆ? ಅದೇ ಡಾಪ್ಲರ್ ತತ್ತ್ವ ಇಲ್ಲಿಯೂ ದುಡಿಯುತ್ತದೆ. ರಾತ್ರಿ, ಮಂಜು, ಸಾಧಾರಣ ಮಳೆ ಇವು ರೇಡಾರಿಗೆ ದೊಡ್ಡ ಅಡ್ಡಿಯಲ್ಲ. ಆದರೆ ತಾನು ಕಂಡದ್ದು ಏನೆಂದು ಅದಕ್ಕೆ ಸರಿಯಾಗಿ ತಿಳಿಯದು.

ಅದನ್ನು ತಿಳಿಸುವುದು ಮುಂಗಾಜಿನ ಒಳಗೆ, ಕನ್ನಡಿಯ ಹಿಂದೆ ಕುಳಿತಿರುವ ಕ್ಯಾಮೆರಾ. ಲಕ್ಷಾಂತರ ಚಿತ್ರಗಳನ್ನು ತೋರಿಸಿ ತರಬೇತುಗೊಳಿಸಿದ ತಂತ್ರಾಂಶವು ಕ್ಯಾಮೆರಾದ ದೃಶ್ಯದಲ್ಲಿ ಕಾರು, ಲಾರಿ, ಪಾದಚಾರಿ, ಬಿಳಿಗೆರೆ, ವೇಗಮಿತಿಯ ಫಲಕಗಳನ್ನು ಹೋಲಿಕೆಯ ಆಧಾರದಿಂದ ಗುರುತಿಸುತ್ತದೆ. ಇನ್ನು, ಕಾರು ನಿಲ್ಲಿಸುವಾಗ ಹಿಂದಿನ ಗೋಡೆಯ ಸಾಮೀಪ್ಯವನ್ನು ತಿಳಿಸುವ ಗುಂಡಿಯಾಕಾರದ ಸಂವೇದಕಗಳು ಬಾವಲಿಯಂತೆ, ನಮಗೆ ಕೇಳಿಸದ ಧ್ವನಿಯನ್ನು ಹೊರಡಿಸಿ ಪ್ರತಿಧ್ವನಿಯನ್ನು ಆಲಿಸುತ್ತವೆ. ಇವುಗಳ ವ್ಯಾಪ್ತಿ ಕೆಲವೇ ಮೀಟರುಗಳು.

ಕಂಡದ್ದನ್ನು ಕಾರ್ಯಕ್ಕಿಳಿಸಲು ಕೈಕಾಲುಗಳೂ ಬೇಕು. ಅವು ಮೊದಲೇ ಸಿದ್ಧವಾಗಿದ್ದವು. ಹಠಾತ್ತನೆ ಬ್ರೇಕ್ ಒತ್ತಿದಾಗ ಚಕ್ರಗಳು ಬಿಗಿದು ಜಾರದಂತೆ ತಡೆಯುವ ಎಬಿಎಸ್ ವ್ಯವಸ್ಥೆಯನ್ನು ಜರ್ಮನಿಯ ಬಾಷ್ ಕಂಪೆನಿ 1978ರಲ್ಲಿ ಮರ್ಸಿಡಿಸ್ ಕಾರಿಗೆ ಒದಗಿಸಿತು. ತಿರುವಿನಲ್ಲಿ ಕಾರು ಹಾದಿ ತಪ್ಪಿದಾಗ ಬೇಕಾದ ಚಕ್ರಕ್ಕಷ್ಟೇ ಬ್ರೇಕ್ ಹಾಕಿ ಸರಿದಾರಿಗೆ ತರುವ ಸ್ಥಿರತಾ ನಿಯಂತ್ರಣ 1995ರಲ್ಲಿ ಬಂತು. ಚಾಲಕನ ಕಾಲು ತಾಗದೆಯೇ ಗಣಕವು ಬ್ರೇಕ್ ಹಾಕಬಲ್ಲದೆಂಬುದು ಅಂದೇ ಸಾಬೀತಾಗಿತ್ತು. ಇದಕ್ಕೆ ರೇಡಾರ್ ಮತ್ತು ಕ್ಯಾಮೆರಾ ಸೇರಿದಾಗ ಇಂದಿನ ಅಡಾಸ್ ರೂಪುಗೊಂಡಿತು. ಮುಂದಿನ ವಾಹನದಿಂದ ಅಂತರ ಕಾಯುವ ಕ್ರೂಸ್ ಕಂಟ್ರೋಲ್, ಪಥ ಬಿಡದಂತೆ ಸ್ಟಿಯರಿಂಗನ್ನು ಮೆಲ್ಲನೆ ತಿದ್ದುವ ಸೌಲಭ್ಯ, ಕನ್ನಡಿಗೆ ಕಾಣದ ಮೂಲೆಯಲ್ಲಿರುವ ವಾಹನದ ಸೂಚನೆ, ಡಿಕ್ಕಿ ಸನ್ನಿಹಿತವಾದಾಗ ತಾನಾಗಿ ಬೀಳುವ ತುರ್ತು ಬ್ರೇಕ್ ಇವು ಅದರ ಮುಖ್ಯ ಅಂಗಗಳು.

ಇವುಗಳಿಂದ ಪ್ರಯೋಜನವಿಲ್ಲವೆಂದು ನಾನು ಖಂಡಿತ ಹೇಳಲಾರೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಅಪಾಯ ಕಂಡು, ಅರಿತು, ಕಾಲು ಬ್ರೇಕಿನ ಮೇಲೆ ಬರುವಷ್ಟರಲ್ಲಿ ಒಂದೂವರೆ ಸೆಕೆಂಡ್ ಕಳೆದರೆ ಕಾರು 42 ಮೀಟರ್ ಮುಂದೆ ಹೋಗಿರುತ್ತದೆ. ಒಣ ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿದರೂ ನಿಲ್ಲಲು ಮತ್ತೆ ಸುಮಾರು 55 ಮೀಟರ್ ಬೇಕು. ಯಂತ್ರವು ಆ ಮೊದಲ 42 ಮೀಟರುಗಳಲ್ಲಿ ಬಹುಪಾಲನ್ನು ಉಳಿಸಿಕೊಡಬಲ್ಲದು. ಪೂರ್ತಿ ನಿಲ್ಲದಿದ್ದರೂ ಡಿಕ್ಕಿಯ ವೇಗ ಅರ್ಧಕ್ಕಿಳಿದರೆ ಅದರ ಶಕ್ತಿ ಕಾಲು ಭಾಗಕ್ಕಿಳಿಯುತ್ತದೆ. ಐರೋಪ್ಯ ಒಕ್ಕೂಟವು ಸ್ವಯಂ ತುರ್ತು ಬ್ರೇಕ್ ಮೊದಲಾದವುಗಳನ್ನು 2022ರ ಜುಲೈನಿಂದ ಹೊಸ ಮಾದರಿಯ ಕಾರುಗಳಿಗೂ, 2024ರ ಜುಲೈನಿಂದ ಮಾರಾಟವಾಗುವ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯಗೊಳಿಸಿದ್ದು ಇದೇ ಕಾರಣಕ್ಕೆ.

ಆದರೆ ಈ ಕಣ್ಣಿಗೆ ಅದರದೇ ಆದ ಕುರುಡುತನಗಳಿವೆ. ಮೊದಲನೆಯದು, ನಿಂತ ವಸ್ತು. ರಸ್ತೆಯ ಮೇಲಿನ ಸೇತುವೆ, ದೊಡ್ಡ ಸೂಚನಾ ಫಲಕ, ಬದಿಯ ಕಬ್ಬಿಣದ ತಡೆಬೇಲಿ ಇವೆಲ್ಲವೂ ರೇಡಾರ್ ಅಲೆಗಳನ್ನು ಹಿಂದಕ್ಕೆ ಕಳುಹಿಸುತ್ತವೆ. ಇಂಥ ಪ್ರತಿಯೊಂದಕ್ಕೂ ಬ್ರೇಕ್ ಬಿದ್ದರೆ ಪ್ರಯಾಣವೇ ಅಸಾಧ್ಯ. ಆದ್ದರಿಂದ ಅನೇಕ ವ್ಯವಸ್ಥೆಗಳಲ್ಲಿ ಚಲಿಸದ ವಸ್ತುಗಳ ಸಂಕೇತಕ್ಕೆ ಕಡಿಮೆ ಮಹತ್ತ್ವ ಕೊಡಲಾಯಿತು. ಪರಿಣಾಮವಾಗಿ, ಚಲಿಸುತ್ತಿರುವ ಕಾರಿನ ಹಿಂದೆ ಸಲೀಸಾಗಿ ಸಾಗುವ ವಾಹನವು, ಆ ಕಾರು ಪಕ್ಕಕ್ಕೆ ಸರಿದೊಡನೆ ಎದುರಾಗುವ ನಿಂತ ಲಾರಿಯನ್ನು ತಡವಾಗಿ ಗುರುತಿಸಬಹುದು, ಗುರುತಿಸದೆಯೂ ಇರಬಹುದು. ಕ್ಯಾಮೆರಾದ ನೆರವಿನಿಂದ ಈ ದೋಷ ಬಹಳಷ್ಟು ತಗ್ಗಿದೆಯಾದರೂ ಅಳಿದಿಲ್ಲ. ತುರ್ತುಸೇವೆಗಾಗಿ ನಿಂತಿದ್ದ ವಾಹನಗಳ ಬಳಿ ಟೆಸ್ಲಾ ಕಾರುಗಳು ಡಿಕ್ಕಿ ಹೊಡೆದ 11 ಪ್ರಕರಣಗಳನ್ನು ಮುಂದಿಟ್ಟುಕೊಂಡು ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ 2021ರ ಆಗಸ್ಟಿನಲ್ಲಿ ತನಿಖೆ ಆರಂಭಿಸಿತು. ನಮ್ಮ ಹೆದ್ದಾರಿಗಳಲ್ಲಿ ರಾತ್ರಿ ಹೊತ್ತು, ಹಿಂದೀಪವಿಲ್ಲದೆ, ನಾಲ್ಕು ಕಲ್ಲುಗಳನ್ನಷ್ಟೇ ಕಾವಲಿಟ್ಟು ನಿಲ್ಲಿಸಿದ ಲಾರಿಗಳನ್ನು ಕಂಡವರಿಗೆ ಇದರ ಗಾಂಭೀರ್ಯವನ್ನು ಬಿಡಿಸಿ ಹೇಳಬೇಕಿಲ್ಲ.

ಎರಡನೆಯದು, ಬೆಳಕು ಮತ್ತು ಕೊಳೆ. ಎದುರು ಸೂರ್ಯ, ಜಡಿಮಳೆ, ಗಾಜಿನ ಮೇಲಿನ ಕೆಸರು ಇವು ನಮ್ಮ ಕಣ್ಣನ್ನು ಕಾಡುವಂತೆಯೇ ಕ್ಯಾಮೆರಾವನ್ನೂ ಕಾಡುತ್ತವೆ. ಅಮೆರಿಕದ ವಾಹನ ಬಳಕೆದಾರರ ಸಂಘಟನೆಯಾದ ‘ಎಎಎ’ 2019ರಲ್ಲಿ ಪಾದಚಾರಿಗಳನ್ನು ಗುರುತಿಸಿ ಬ್ರೇಕ್ ಹಾಕುವ ಕಾರುಗಳನ್ನು ಪರೀಕ್ಷಿಸಿತು. ಹಗಲಿನಲ್ಲಿ, ಗಂಟೆಗೆ 32 ಕಿಲೋಮೀಟರ್ ವೇಗದಲ್ಲಿ ಸಾಗುವಾಗ, ರಸ್ತೆ ದಾಟುವ ವಯಸ್ಕನ ಪ್ರತಿಕೃತಿಗೆ ಡಿಕ್ಕಿ ತಪ್ಪಿದ್ದು ಶೇ 40ರಷ್ಟು ಸಲ ಮಾತ್ರ. ನಿಂತ ಕಾರುಗಳ ನಡುವಿನಿಂದ ಓಡಿಬಂದ ಮಗುವಿನ ಪ್ರತಿಕೃತಿಗೆ ಶೇ 89ರಷ್ಟು ಸಲ ಡಿಕ್ಕಿಯಾಯಿತು. ರಾತ್ರಿಯಲ್ಲಂತೂ ಆ ವ್ಯವಸ್ಥೆಗಳು ನಿಷ್ಪ್ರಯೋಜಕವೆಂದು ಪರೀಕ್ಷಕರು ತೀರ್ಮಾನಿಸಿದರು. ಆನಂತರ ಈ ತಂತ್ರಜ್ಞಾನ ಸುಧಾರಿಸಿದೆ. ಆದರೆ ಯಂತ್ರ ಹೇಳಿಕೆ ಪಡೆದ ಕೆಲಸವನ್ನೂ ಎಲ್ಲ ಸಮಯದಲ್ಲೂ ಒಂದೇ ತೆರನಾಗಿ ಮಾಡಲಾರದೆಂಬ ಪಾಠ ಹಳತಾಗಿಲ್ಲ.

ಮೂರನೆಯದು, ಅರಿವಿನ ಕೊರತೆ. ಅರಿಜೋನಾದ ಟೆಂಪಿಯಲ್ಲಿ 2018ರ ಮಾರ್ಚ್ 18ರ ರಾತ್ರಿ ಉಬರ್ ಕಂಪೆನಿಯ ಪ್ರಾಯೋಗಿಕ ಸ್ವಯಂಚಾಲಿತ ಕಾರು, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಯನ್ನು ಬಲಿ ತೆಗೆದುಕೊಂಡಿತು. ಅದು ಚಾಲಕನಿಗೆ ನೆರವಾಗುವ ಕಾರಷ್ಟೇ ಅಲ್ಲ, ತಾನೇ ಓಡಲು ಹೊರಟಿದ್ದ ಕಾರು. ಲೈಡಾರ್ ಎಂಬ ಲೇಸರ್ ಕಣ್ಣೂ ಅದಕ್ಕಿತ್ತು. ತನಿಖೆಯ ಪ್ರಕಾರ ಆ ಕಾರು ಆಕೆಯನ್ನು 5.6 ಸೆಕೆಂಡ್ ಮೊದಲೇ ಕಂಡಿತ್ತು. ಆದರೆ ಅದನ್ನೊಮ್ಮೆ ವಾಹನವೆಂದು, ಇನ್ನೊಮ್ಮೆ ಸೈಕಲ್ ಎಂದು, ಮತ್ತೊಮ್ಮೆ ಬೇರೇನೋ ಎಂದು ಬಗೆಯುತ್ತ ಕಾಲ ಕಳೆಯಿತು. ಜೀಬ್ರಾ ಪಟ್ಟೆಯಿಲ್ಲದ ಕಡೆ ಮನುಷ್ಯರು ರಸ್ತೆ ದಾಟುತ್ತಾರೆಂಬುದನ್ನು ತಂತ್ರಾಂಶ ಬರೆದವರು ಪರಿಗಣಿಸಿರಲಿಲ್ಲ. ಮೇಲ್ವಿಚಾರಣೆಗೆಂದು ಕುಳಿತಿದ್ದಾಕೆ ಮೊಬೈಲಿನಲ್ಲಿ ವಿಡಿಯೊ ನೋಡುತ್ತಿದ್ದಳು. ಕಾಣುವುದೇ ಬೇರೆ, ಅರಿಯುವುದೇ ಬೇರೆ.

ಸ್ವಯಂಚಾಲನೆಯನ್ನು ಅಮೆರಿಕದ ಎಂಜಿನಿಯರುಗಳ ಸಂಘಟನೆ ‘ಎಸ್‌ಎಇ’ 2014ರಲ್ಲಿ ಸೊನ್ನೆಯಿಂದ ಐದರವರೆಗೆ ಆರು ಹಂತಗಳಾಗಿ ವಿಂಗಡಿಸಿತು. ಎರಡನೇ ಹಂತದಲ್ಲಿ ಕಾರು ಸ್ಟಿಯರಿಂಗ್ ಮತ್ತು ವೇಗ ಎರಡನ್ನೂ ನಿಭಾಯಿಸುತ್ತದೆ. ಆದರೆ ಪ್ರತಿಕ್ಷಣ ರಸ್ತೆಯನ್ನು ನೋಡುವ ಹೊಣೆ ಚಾಲಕನದು. ಮೂರನೇ ಹಂತದಲ್ಲಿ ಮಾತ್ರ, ನಿಗದಿತ ಸಂದರ್ಭಗಳಲ್ಲಿ, ಆ ಹೊಣೆ ಕಾರಿಗೆ ದಾಟುತ್ತದೆ. ಜಪಾನಿನಲ್ಲಿ 2021ರಲ್ಲಿ ಹೋಂಡಾ, ಜರ್ಮನಿಯಲ್ಲಿ 2022ರಲ್ಲಿ ಮರ್ಸಿಡಿಸ್ ಆ ಹಂತಕ್ಕೆ ಕಾಲಿಟ್ಟವು. ಜರ್ಮನಿಯಲ್ಲಿ ಆರಂಭದ ಮಿತಿ ಗಂಟೆಗೆ 60 ಕಿಲೋಮೀಟರ್. ನಮ್ಮಲ್ಲಿ ಅಡಾಸ್ ಹೆಸರಿನಲ್ಲಿ ಮಾರಲಾಗುತ್ತಿರುವುದು ಮೊದಲ ಅಥವಾ ಎರಡನೇ ಹಂತದ್ದು. ಅಂದರೆ ಅಪಘಾತವಾದರೆ ‘ಗಾಡಿ ನೋಡ್ಕೊಳ್ಳುತ್ತೆ’ ಎಂದ ಮಾತು ಯಾವ ನ್ಯಾಯಾಲಯದಲ್ಲೂ ಚಾಲಕನ ನೆರವಿಗೆ ಬರುವುದಿಲ್ಲ.

ಯಂತ್ರದ ಮಿತಿಗಿಂತಲೂ ನನ್ನನ್ನು ಹೆಚ್ಚು ಯೋಚನೆಗೀಡುಮಾಡಿರುವುದು ಮನುಷ್ಯನ ಮಿತಿ. ಸ್ನೇಹಿತರ ಆ ಹೊಸ ಕಾರಿನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೋದಾಗ ನಾನು ಮುಂದಿನ ಆಸನದಲ್ಲಿ ಕುಳಿತಿದ್ದೆ. ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಗಳಿಂದ 2023ರ ಆಗಸ್ಟ್‌ನಲ್ಲೇ ದ್ವಿಚಕ್ರ ವಾಹನ ಮತ್ತು ಆಟೊಗಳನ್ನು ಹೊರಗಿಡಲಾಗಿದೆ; ಗೆರೆಗಳೂ ಸ್ಪಷ್ಟವಾಗಿವೆ. ಕಾರು ಅಚ್ಚುಕಟ್ಟಾಗಿ ಅಂತರ ಕಾಯ್ದುಕೊಂಡಿತು, ಪಥ ಬಿಡಲಿಲ್ಲ. ಮೊದಲ ಕಾಲು ಗಂಟೆ ಸ್ನೇಹಿತರ ಎರಡೂ ಕೈ ಸ್ಟಿಯರಿಂಗಿನ ಮೇಲಿದ್ದವು. ರಾಮನಗರ ದಾಟುವಾಗ ಒಂದು ಕೈ. ಮಂಡ್ಯ ಬರುವಷ್ಟರಲ್ಲಿ ಅವರು ಹಿಂದಕ್ಕೆ ತಿರುಗಿ ಮಾತನಾಡತೊಡಗಿದ್ದರು. ಮೂವತ್ತು ವರ್ಷಗಳಿಂದ ಕಾರು ಓಡಿಸುತ್ತಿರುವ, ಅತ್ಯಂತ ಜಾಗರೂಕ ಮನುಷ್ಯ ಅವರು. ಯಂತ್ರ ತಪ್ಪು ಮಾಡಿದ್ದರಿಂದ ಹೀಗಾಗಲಿಲ್ಲ; ಒಮ್ಮೆಯೂ ತಪ್ಪದೆ ಸರಿಯಾಗಿ ಕೆಲಸ ಮಾಡಿದ್ದರಿಂದಲೇ ಹೀಗಾಯಿತು.

ಮನಶ್ಶಾಸ್ತ್ರಕ್ಕೆ ಇದು ಹೊಸದಲ್ಲ. ಯುದ್ಧಕಾಲದಲ್ಲಿ ರೇಡಾರ್ ಪರದೆಯ ಮುಂದೆ ಕುಳಿತವರು ಶತ್ರುವಿನ ಸುಳಿವನ್ನು ಏಕೆ ತಪ್ಪಿಸಿಕೊಳ್ಳುತ್ತಾರೆಂಬುದನ್ನು ಬ್ರಿಟನ್ನಿನ ನಾರ್ಮನ್ ಮ್ಯಾಕ್‌ವರ್ತ್ ಅಧ್ಯಯನ ಮಾಡಿದ. ಅಪರೂಪಕ್ಕೊಮ್ಮೆ ಮಾತ್ರ ಬದಲಾಗುವುದನ್ನು ದಿಟ್ಟಿಸುತ್ತ ಕುಳಿತ ಮನುಷ್ಯನ ಎಚ್ಚರವು ಮೊದಲ ಅರ್ಧ ಗಂಟೆಯಲ್ಲೇ ಗಮನಾರ್ಹವಾಗಿ ಕುಸಿಯುತ್ತದೆಂದು 1948ರಲ್ಲಿ ಪ್ರಕಟವಾದ ಆತನ ಪ್ರಯೋಗಗಳು ತೋರಿಸಿದವು. ಲಂಡನ್ನಿನ ಮನಶ್ಶಾಸ್ತ್ರಜ್ಞೆ ಲಿಸಾನ್ ಬೇನ್‌ಬ್ರಿಜ್ 1983ರಲ್ಲಿ ಸ್ವಯಂಚಾಲನೆಯ ವಿಪರ್ಯಾಸಗಳನ್ನು ಕುರಿತು ಬರೆದ ಪ್ರಬಂಧ ಇಂದಿಗೂ ಪ್ರಸ್ತುತ. ಸುಲಭದ ಕೆಲಸವನ್ನು ಯಂತ್ರಕ್ಕೆ ಕೊಟ್ಟು, ಯಂತ್ರ ಸೋತಾಗಿನ ಕಠಿಣ ಕೆಲಸವನ್ನು ಮನುಷ್ಯನಿಗೆ ಉಳಿಸುತ್ತೇವೆ. ಅಭ್ಯಾಸವೂ ಗಮನವೂ ಕುಂದಿರುವ ಹೊತ್ತಿನಲ್ಲೇ ಆತನಿಂದ ಶ್ರೇಷ್ಠ ಕೌಶಲವನ್ನು ನಿರೀಕ್ಷಿಸುತ್ತೇವೆ ಎಂಬುದು ಆಕೆಯ ವಾದದ ಸಾರ.

ಫ್ಲಾರಿಡಾದ ವಿಲಿಸ್ಟನ್ ಬಳಿ 2016ರ ಮೇ 7ರಂದು ನಡೆದದ್ದು ಇದೇ. ಟೆಸ್ಲಾ ಕಾರೊಂದು ಹೆದ್ದಾರಿಗೆ ಅಡ್ಡಲಾಗಿ ತಿರುಗುತ್ತಿದ್ದ ಭಾರಿ ಟ್ರಕ್ಕಿನ ಕೆಳಗೆ ನುಗ್ಗಿ ಚಾಲಕ ಮೃತಪಟ್ಟ. ಕಾರಿನ ‘ಆಟೊಪೈಲಟ್’ ವ್ಯವಸ್ಥೆಯನ್ನು ಹೀಗೆ ಅಡ್ಡ ಬರುವ ವಾಹನಗಳನ್ನು ಗುರುತಿಸಲೆಂದು ರೂಪಿಸಿರಲೇ ಇಲ್ಲ. ಆ ವ್ಯವಸ್ಥೆ ಚಾಲನೆಯಲ್ಲಿದ್ದ 37 ನಿಮಿಷಗಳಲ್ಲಿ ಚಾಲಕನ ಕೈ ಸ್ಟಿಯರಿಂಗಿನ ಮೇಲಿದ್ದುದು ದಾಖಲಾದದ್ದು 25 ಸೆಕೆಂಡ್ ಮಾತ್ರ. ದಾರಿ ಬಿಡದ ಟ್ರಕ್ ಚಾಲಕನ ತಪ್ಪಿನ ಜೊತೆಗೆ ಯಂತ್ರದ ಮೇಲಿನ ಅತಿ ಅವಲಂಬನೆಯನ್ನೂ, ಅಷ್ಟು ಹೊತ್ತು ಗಮನವಿಲ್ಲದೆ ಓಡಿಸಲು ಆಸ್ಪದ ಕೊಟ್ಟ ವಿನ್ಯಾಸವನ್ನೂ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಲಿ ಹೆಸರಿಸಿತು. ಚಾಲಕನ ಗಮನವನ್ನು ಖಚಿತಪಡಿಸಿಕೊಳ್ಳುವ ಕ್ರಮವನ್ನು ಬಿಗಿಗೊಳಿಸಲು 2023ರ ಡಿಸೆಂಬರಿನಲ್ಲಿ ಟೆಸ್ಲಾ ಅಮೆರಿಕದ ಸುಮಾರು 20 ಲಕ್ಷ ಕಾರುಗಳ ತಂತ್ರಾಂಶವನ್ನು ತಿದ್ದಬೇಕಾಯಿತು.

ಇನ್ನು ನಮ್ಮ ನಗರದ ರಸ್ತೆಗಳ ಕಥೆ. ಅದೇ ಕಾರು ಹೊರವರ್ತುಲ ರಸ್ತೆಯಲ್ಲಿ ಹತ್ತು ನಿಮಿಷವೂ ನೆಮ್ಮದಿಯಿಂದ ಸಾಗಲಿಲ್ಲ. ಅದು ಮುಂದೆ ಶಿಷ್ಟಾಚಾರದ ಅಂತರ ಬಿಡುತ್ತಿತ್ತು. ಆ ಜಾಗಕ್ಕೆ ಆಟೊ ನುಗ್ಗುತ್ತಿತ್ತು. ಕಾರು ಬ್ರೇಕ್ ಹಾಕಿ ಮತ್ತೆ ಅಂತರ ಬಿಟ್ಟರೆ ಸ್ಕೂಟರ್ ನುಗ್ಗುತ್ತಿತ್ತು. ಹಿಂದಿನವರ ಹಾರ್ನ್ ಬೇರೆ. ಸ್ನೇಹಿತರು ಬೇಸತ್ತು ಅದನ್ನು ಆರಿಸಿದರು. ಯುರೋಪಿನ ಶಿಸ್ತಿನ ರಸ್ತೆಗಳನ್ನು ನೋಡಿ ಕಲಿತ ಕಣ್ಣಿಗೆ ನಮ್ಮ ರಸ್ತೆ ಅಪರಿಚಿತ. ಹೈದರಾಬಾದಿನ ಐಐಐಟಿಯ ಸಂಶೋಧಕರು ಇಂಟೆಲ್ ಸಹಯೋಗದಲ್ಲಿ 2018ರಲ್ಲಿ ಬೆಂಗಳೂರು ಮತ್ತು ಹೈದರಾಬಾದ್ ರಸ್ತೆಗಳ ಸುಮಾರು 10,000 ಚಿತ್ರಗಳನ್ನು 34 ವರ್ಗಗಳಾಗಿ ಗುರುತುಹಾಕಿ ಪ್ರಕಟಿಸಿದ್ದು ಈ ಕೊರತೆಯನ್ನು ತುಂಬಲೆಂದೇ. ಅದರಲ್ಲಿ ಆಟೊರಿಕ್ಷಾಕ್ಕೂ ಪ್ರಾಣಿಗಳಿಗೂ ಪ್ರತ್ಯೇಕ ಸ್ಥಾನವಿದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಮೃತಪಟ್ಟ 1,68,491 ಮಂದಿಯಲ್ಲಿ ಶೇ 44.5ರಷ್ಟು ದ್ವಿಚಕ್ರ ವಾಹನ ಸವಾರರು, ಶೇ 19.5ರಷ್ಟು ಪಾದಚಾರಿಗಳು. ಕಾರಿನ ಕಣ್ಣು ಯಾರನ್ನು ಗುರುತಿಸಲು ಹೆಚ್ಚು ತಡವರಿಸುತ್ತದೆಯೋ ಅವರೇ ಇಲ್ಲಿ ಹೆಚ್ಚು ಸಾಯುತ್ತಿದ್ದಾರೆ.

ಹಾಗಾದರೆ ಏನು ಮಾಡಬೇಕು? ಕಾರಿನ ಜೊತೆ ಬರುವ ಕೈಪಿಡಿಯಲ್ಲಿ ಈ ಮಿತಿಗಳೆಲ್ಲ ಪುಟಗಟ್ಟಲೆ ಮುದ್ರಿತವಾಗಿರುತ್ತವೆ, ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ. ನಮ್ಮಲ್ಲಿ ಎಷ್ಟೋ ಕಾರುಗಳನ್ನು ಓಡಿಸುವವರು ಸಂಬಳದ ಚಾಲಕರು. ಅವರ ಕೈಗೆ ಆ ಪುಸ್ತಕ ತಲುಪುವುದಿಲ್ಲ, ತಲುಪಿದರೂ ಓದಲಾಗದು. ಮಿತಿಗಳನ್ನು ಒಂದೆರಡು ಪುಟದ ಕನ್ನಡದಲ್ಲಿ ಕೊಡುವುದು ಕಂಪೆನಿಗಳಿಗೆ ಭಾರವೇನಲ್ಲ. ಬಾಷ್, ಮರ್ಸಿಡಿಸ್‌ನಂಥ ಕಂಪೆನಿಗಳ ದೊಡ್ಡ ಸಂಶೋಧನಾ ಕೇಂದ್ರಗಳು ಬೆಂಗಳೂರಿನಲ್ಲೇ ಇರುವಾಗ ಕನ್ನಡ ಬಲ್ಲ ಎಂಜಿನಿಯರುಗಳಿಗೇನು ಬರ? ಹೊಸ ಕಾರು ಒಪ್ಪಿಸುವಾಗ ಹಾಡು ಹಾಕುವುದನ್ನು ತೋರಿಸಿಕೊಡುವಷ್ಟೇ ಶ್ರದ್ಧೆಯಿಂದ, ಈ ವ್ಯವಸ್ಥೆ ಎಲ್ಲಿ ಕೈಕೊಡುತ್ತದೆಂಬುದನ್ನೂ ತಿಳಿಸಬೇಕು. ಚಾಲನಾ ತರಬೇತಿ ಶಾಲೆಗಳು ಕ್ಲಚ್ಚು, ಗೇರುಗಳ ಜೊತೆ ಇದನ್ನೂ ಪಾಠವಾಗಿಸಬೇಕು.

ಮಾಲೀಕರೂ ಕೆಲವನ್ನು ನೆನಪಿಡಬೇಕು. ಮುಂಗಾಜು ಬದಲಿಸಿದರೆ ಕ್ಯಾಮೆರಾದ ನೋಟವನ್ನು ಮತ್ತೆ ಸರಿಹೊಂದಿಸಲೇಬೇಕು. ಕೋನ ಕೂದಲೆಳೆಯಷ್ಟು ತಪ್ಪಿದರೂ ನೂರು ಮೀಟರ್ ಆಚೆ ಪಥವೇ ತಪ್ಪುತ್ತದೆ. ಬಂಪರಿಗೆ ಕಬ್ಬಿಣದ ಗಾರ್ಡ್ ಹಾಕಿಸಿದರೆ ರೇಡಾರಿಗೆ ಅಡ್ಡಗೋಡೆ ಕಟ್ಟಿದಂತೆ. ಆಯುಧಪೂಜೆಯ ದಿನ ಬಾಳೆಕಂಬ, ಹೂವಿನ ಹಾರಗಳಿಂದ ಕಾರನ್ನು ಸಿಂಗರಿಸುವುದು ನಮ್ಮ ಸಂಭ್ರಮ. ಆದರೆ ಮುಂಗಾಜಿನ ಕ್ಯಾಮೆರಾದ ಎದುರಿಗೇ ವಿಭೂತಿ, ಕುಂಕುಮ ಬಳಿದರೆ ಅದರ ಕಣ್ಣಿಗೆ ಬಟ್ಟೆ ಕಟ್ಟಿದ ಹಾಗೆ. ಸರ್ಕಾರದ ಹೊಣೆಯೂ ಇದೆ. 2023ರ ಅಕ್ಟೋಬರಿನಲ್ಲಿ ಆರಂಭವಾದ ಭಾರತ್ ಎನ್‌ಕ್ಯಾಪ್ ಕಾರುಗಳನ್ನು ಡಿಕ್ಕಿ ಹೊಡೆಸಿ ತಾರೆಗಳನ್ನು ಕೊಡುತ್ತಿದೆ. ಅದೇ ರೀತಿ ಸ್ಕೂಟರ್, ಆಟೊ, ದನ, ಕತ್ತಲಲ್ಲಿ ನಿಂತ ಲಾರಿ ಇವುಗಳನ್ನಿಟ್ಟು ನಮ್ಮ ನೆಲದಲ್ಲೇ ಅಡಾಸ್ ಅನ್ನು ಪರೀಕ್ಷಿಸಿ, ಫಲಿತಾಂಶವನ್ನು ಗ್ರಾಹಕರ ಮುಂದಿಡಬೇಕು.

ನಮ್ಮ ದರ್ಶನಶಾಸ್ತ್ರಗಳಲ್ಲಿ ‘ಅಂಧ-ಪಂಗು ನ್ಯಾಯ’ವೆಂಬ ದೃಷ್ಟಾಂತವಿದೆ. ಕಣ್ಣಿಲ್ಲದವನ ಹೆಗಲೇರಿದ ಕಾಲಿಲ್ಲದವನು ದಾರಿ ತೋರಿಸುತ್ತಾನೆ. ಇಬ್ಬರೂ ಕಾಡು ದಾಟುತ್ತಾರೆ. ಚಾಲಕ ಮತ್ತು ಅಡಾಸ್‌ನ ಜೋಡಿಯೂ ಇಂಥದೇ. ಯಂತ್ರಕ್ಕೆ ವೇಗವಿದೆ, ಆಯಾಸವಿಲ್ಲ. ಆದರೆ ಕಂಡದ್ದರ ಅರ್ಥ ತಿಳಿಯದು. ಮನುಷ್ಯನಿಗೆ ಅರ್ಥ ತಿಳಿಯುತ್ತದೆ. ಆದರೆ ಎಚ್ಚರ ಜಾರುತ್ತದೆ. ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬಿದಷ್ಟು ಕಾಲ ಪಯಣ ಸುಗಮ. ಆ ದೃಷ್ಟಾಂತದಲ್ಲಿ ಹೇಳದೆ ಬಿಟ್ಟ ಮಾತೊಂದಿದೆ: ಹೆಗಲ ಮೇಲೆ ಕುಳಿತವನು ನಿದ್ದೆ ಹೋಗಬಾರದು.